ಹೊಸ ಸ್ಪೀಕರ್ ತರಲಿಲ್ಲ, ಫೂಬಾರ್‌ದಾಗೇ ಡಗ್ಗಾ ರಿಪೇರಿ ಮಾಡ್ದೆ

"ಪ್ಲೇಯರ್ ಬದಲಿಸಿದ್ರ ಆವಾಜ್ ಬದಲಾಗ್ತದೇನೋ ಹುಚ್ಚ" ಅಂತ ಗೆಳ್ಯಾರು ಎರಡು ವರ್ಷ ನಕ್ಕೋತ ಬಂದ್ರು. ಈಗ ಆಗ್ಯದ, ಪ್ಲೇಯರ್ ಬದಲಿಸಿ ಅಲ್ಲ, ಲ್ಯಾಪ್‌ಟಾಪ್‌ದಾಗ ಹಾಡು ಹಚ್ಚೋ ಫೂಬಾರ್ ಅನ್ನೋ ಪ್ಲೇಯರಿಗೆ ಒಂದು ಫಿಲ್ಟರ್ ಹಾಕಿ, ಅದಕ್ಕ ಬರೀಲತ್ತೀನಿ.

ಕಲಬುರಗಿ ಮನಿ, ಖೋಲಿ 12 ಬೈ 10 ಇರ್ಬೇಕು, ಕೆಳಗ ಶಹಾಬಾದ್ ಕಲ್ಲು, ಗ್ವಾಡಿ ಬರೀ ಬತ್ತಲ. ಮಲ್ಲಿಕಾರ್ಜುನ ಮನ್ಸೂರರನ್ನ ಹಚ್ಚಿದ್ರ ದನಿ ಛಂದ, ಆದ್ರ ತಬಲಾದ ಡಗ್ಗಾ ಮಾತ್ರ ಖಾಲಿ ಬ್ಯಾರಲ್ ಬಡಿದಂಗ ಭೋಂ ಭೋಂ.

ಮೊದಲ ರೊಕ್ಕ ಹಾಳ್ ಮಾಡಿದ್ದು ಹೇಳ್ತೀನಿ. ಕೇಬಲ್ಲಿಗೆ ಮೂರೂವರಿ ಸಾವಿರ, ಡ್ಯಾಕಿಗೆ (ಡಿಜಿಟಲ್ ಹಾಡನ್ನ ಸ್ಪೀಕರಿಗೆ ಹೋಗೋ ಸಿಗ್ನಲ್ ಮಾಡೋ ಡಬ್ಬಿ) ಬ್ಯಾರೆ ಪವರ್ ಸಪ್ಲೈ ಅಂತ ಆರು, ಆಮ್ಯಾಲ ರೊಕ್ಕ ಕೊಟ್ಟು ತಗೊಳ್ಳೋ ಒಂದು ಪ್ಲೇಯರ್. ಮಗನ್ನ ಲ್ಯಾಪ್‌ಟಾಪ್ ಮುಂದ ಕೂಡ್ಸಿ, ನಾ ಈ ಕಡಿ ಮಾರಿ ಮಾಡಿ, ಹಾಡ್ತಿರೋದು ಯಾವ ಪ್ಲೇಯರ್ ಅಂತ ಹತ್ತು ಸಲ ಹೇಳಿದ್ರ ಐದೋ ಆರೋ ಬರೋಬರಿ ಆಯ್ತು. ನಾಣ್ಯ ಹಾರಿಸಿದ್ರೂ ಅಷ್ಟೇ ಬರ್ತಿತ್ತು. ಪುಕ್ಕಟ ಫೂಬಾರಿಗೇ ವಾಪಸ್ ಬಂದೆ.

ವಾಸಾಪಿ ಎಕ್ಸ್‌ಕ್ಲೂಸಿವ್, ಅಂದ್ರ ವಿಂಡೋಸ್‌ನ ಮಿಕ್ಸರ್ ಬಿಟ್ಟು ಹಾಡು ಸೀದಾ ಡ್ಯಾಕಿಗೆ ಕಳ್ಸೋ ದಾರಿ, ಹಚ್ಚಿದ್ದು ಆಗಲೇ. ಸಿಡಿಯಿಂದ ತೆಗೆದ ಹಾಡು 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸ್ಯಾಂಪಲ್), ನನ್ನ ವಿಂಡೋಸ್ ಎಲ್ಲಾನೂ 48ಕ್ಕ ತಿರುವ್ತಿತ್ತು, ಅದು ನಿಂತ್ತು. ಖರೇ ಹೇಳ್ಬೇಕಂದ್ರ ಕಿವಿಗೆ ಭಾಳ ಫರಕ್ ಇಲ್ಲ, ಆಲಾಪದ ನಡುವ ವಾಟ್ಸಾಪ್ ಟಿಂಗ್ ಅನ್ನೋದು ತಪ್ಪಿತು, ಅದೇ ದೊಡ್ಡ ಲಾಭ. 192ಕ್ಕ ಅಪ್‌ಸ್ಯಾಂಪಲ್‌ನೂ ಮಾಡಿ ನೋಡ್ದೆ, ಲ್ಯಾಪ್‌ಟಾಪ್ ಫ್ಯಾನ್ ಸದ್ದು ಜಾಸ್ತಿ ಆಯ್ತು ಅಷ್ಟೇ.

ಖರೇ ಕೆಲಸ ಆಗಿದ್ದು ಮೈಕ್ ತಂದ್ಮ್ಯಾಲ. ಅಳತಿ ಮೈಕಿಗೆ ಸುಮಾರು ಎಂಟು ಸಾವಿರ ಬಿತ್ತು, ಖೋಲಿ ಆವಾಜ್ ಅಳೆಯೋ ಸಾಫ್ಟ್‌ವೇರ್ ಆರ್‌ಇಡಬ್ಲ್ಯು ಪುಕ್ಕಟ. ಮೇ ತಿಂಗಳು, ರಾತ್ರಿ ಒಂದು ಗಂಟೆಗೆ ಫ್ಯಾನ್ ಬಂದ್ ಮಾಡಿ ಸ್ವೀಪ್ (ಕೆಳಗಿಂದ ಮ್ಯಾಲ ಏರ್ಕೋತ ಹೋಗೋ ದನಿ) ಹಾಕಿದ್ರ ಮೈಯೆಲ್ಲ ನೀರು, ಮನ್ಯಾಗಿನವರು "ಸೈರನ್ ಹಚ್ಚಿ ಓಣಿ ಎಬ್ಬಸ್ತೀರೇನ್ರಿ" ಅಂತ ಬೈಗಳ. ಗ್ರಾಫ್‌ದಾಗ 47 ಹರ್ಟ್ಸ್ ಹತ್ರ ಒಂದು ಗುಡ್ಡ, ಅಂದ್ರ ಅಲ್ಲಿ ಆವಾಜ್ ಜಾಸ್ತಿ, 94ರ ಹತ್ರ ಇನ್ನೊಂದು, 12 ಅಡಿ ಗ್ವಾಡಿಗಳ ನಡುವ ದನಿ ಗುಂಯ್‌ಗುಡೋ ಲೆಕ್ಕಕ್ಕ ಬರೋಬರಿ ಕೂಡ್ತು. 70ರ ಸುತ್ತ ಒಂದು ತಗ್ಗು. ಆ ತಗ್ಗಿಗೆ 10 ಡಿಬಿ (ಡೆಸಿಬೆಲ್) ಆವಾಜ್ ಏರ್ಸಿ ಮಣ್ಣು ಹಾಕ್ಲಿಕ್ಕೆ ಹೋಗಿ ಊಫರ್ ಲಟಲಟ ಅಂತು, ತಗ್ಗು ಇದ್ದಲ್ಲೇ ಇತ್ತು! ತಗ್ಗು ಬಿಡ್ರಿ, ಗುಡ್ಡ ಅಷ್ಟೇ ಕಡೀರಿ.

ಅವ್ವನ ಹಳೇ ಕೌದಿ ಎರಡು ಗ್ವಾಡಿಗೆ ತೂಗಿಬಿಟ್ಟೂ ನೋಡ್ದೆ. ಚಪ್ಪಾಳಿ ಬಡಿದ್ರ ಬರೋ ಖಣಖಣ ಹೋಯ್ತು, ಗುಡ್ಡ ಕದಲಲಿಲ್ಲ. ಕೌದಿ ಮಾತ್ರ ಇನ್ನೂ ಅಲ್ಲೇ ಅವ.

ಗುಡ್ಡ ಕಡಿಯೋ ಫಿಲ್ಟರ್‌ನ ವೇವ್ ಫೈಲ್ ಮಾಡಿ, ಅದನ್ನ ಹಾಡಿಗೆ ಹಚ್ಚೋ ಫೂಬಾರ್ ಕಾಂಪೊನೆಂಟ್ ಆದ ಕನ್ವಾಲ್ವರಿಗೆ ಹಾಕಿದ್ರೂ ಭೋಂ ಹೋಗ್ಲಿಲ್ಲ, ಒಂದು ವಾರ ತಲಿ ಕೆಟ್ಟೋಯ್ತು. ಫೈಲ್ ಮಾಡಿದ್ದು 48ರಾಗ, ಹಾಡು 44.1, ನನ್ನ ಕಾಂಪೊನೆಂಟ್ ತಾನಾಗೇ ಹೊಂದಿಸ್ಕೋತಿರಲಿಲ್ಲ, ಹಿಂಗಾಗಿ ಗುಡ್ಡ 47ರಾಗ ಇದ್ರ ಕೊಡ್ಲಿ ಬೀಳೋದು 43ರಾಗ. ಎರಡಕ್ಕೂ ಬ್ಯಾರೆ ಬ್ಯಾರೆ ಫೈಲ್ ಮಾಡಿದ ದಿನ ಡಗ್ಗಾದ ಮೀಂಡ್ (ಜಾರೋ ದನಿ) ಎದ್ದು ಕೇಳ್ತು ನೋಡ್ರಿ, ಬೆರಳು ಒತ್ತಿದ್ದೂ ತಿಳೀತದ. ಮೈಕ್ ಎಷ್ಟು ಕಡಿ ಇಟ್ಟು ಸರಾಸರಿ ತೆಗೆದೆ, ಎಷ್ಟು ಡಿಬಿ ಕಡಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ.

ಎಲ್ಲಾರ್ಕಿಂತ ಜಾಸ್ತಿ ನಕ್ಕಿದ್ದ ಗೆಳ್ಯಾ ಬಂದು ಅರ್ಧ ತಾಸು ಮಾತಾಡ್ದೆ ಕುಂತ, ಹೋಗೋವಾಗ ಫೈಲ್ ಪೆನ್‌ಡ್ರೈವ್‌ದಾಗ ಹಾಕ್ಕೊಂಡ. ಮರುದಿನ ಫೋನ್, "ನಮ್ಮನ್ಯಾಗ ಇನ್ನೂ ಕೆಟ್ಟದಲ್ಲೋ". ನನ್ನ ಖೋಲಿ ಗುಡ್ಡ ಅವನ ಖೋಲ್ಯಾಗ ಎಲ್ಲಿಂದ ಬರ್ಬೇಕು. ಐತವಾರ ಮೈಕ್ ತಗೊಂಡು ಹೊಂಟೀನಿ, ಮಿರ್ಚಿ ಭಜಿ ಅವಂದು.