ಬಿಲ್ಲು, ಬೂದಿ, ಟ್ರ್ಯಾಕ್ಟರು, ಆಮೇಲೆ ನೀರಿನ ಘಟಕ: ಸಕ್ಕರೆ ಸೀಮೆಯಲ್ಲಿ ಸಿಎಸ್‌ಆರ್ ಕೆಲಸದ ಅನುಭವ

ಸಕ್ಕರೆ ಕಾರ್ಖಾನೆಗೆ ಸುತ್ತಲಿನ ಊರುಗಳಲ್ಲಿ ಎಂಥ ಹೆಸರಿದೆ ಎಂದು ತಿಳಿಯಲು ವಾರ್ಷಿಕ ವರದಿ ತಿರುವಬೇಕಿಲ್ಲ. ಹಂಗಾಮು ಮುಗಿದ ಮೇಲೆ ಯಾವುದಾದರೂ ಹಳ್ಳಿಯ ಕಟ್ಟೆಯ ಮೇಲೆ ಕೂತು ನಾಲ್ಕು ಮಾತು ಕೇಳಿದರೆ ಸಾಕು. ಕಬ್ಬಿನ ಬಿಲ್ಲಿನ ಹಣ ಬಂತೇ? ಮಾಳಿಗೆ ಮೇಲೆ ಕರಿ ಬೂದಿ ಬೀಳುವುದು ನಿಂತಿತೇ? ರಾತ್ರಿ ಟ್ರ್ಯಾಕ್ಟರಿಗೆ ಬೈಕಿನವರು ಯಾರಾದರೂ ಗುದ್ದಿದರೇ? ಊರ ಹುಡುಗರಿಗೆ ಗೇಟಿನೊಳಗೆ ಕೆಲಸ ಸಿಕ್ಕಿತೇ? ಕಬ್ಬಿನ ಸೀಮೆಯಲ್ಲಿ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಕೆಲಸ ಮಾಡುತ್ತ ನಾವು ಪಾಲಿಸುವ ಕ್ರಮ ಶುರುವಾಗುವುದು ಇಲ್ಲಿಂದಲೇ. ಶಾಲೆ, ನೀರು, ಕೆರೆ ಎಲ್ಲ ಆಮೇಲಿನ ಮಾತು.

ಮೊದಲನೆಯದು ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ರೈತರಿಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಬೇಕು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಕೂತದ್ದನ್ನು ನಾಡೆಲ್ಲ ನೋಡಿತು. ದರ ಮತ್ತು ಬಾಕಿಯ ಸಿಟ್ಟು ಇರುವ ಕಡೆ ಶಾಲೆಗೆ ಬಳಿದ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ 'ನಮ್ಮ ದುಡ್ಡಲ್ಲೇ ಹೊಡೆಸಿದ ಬಣ್ಣ' ಎಂದೇ ಲೆಕ್ಕ. ಆದ್ದರಿಂದ ಬಾಕಿ ಇರುವ ವರ್ಷ ಉದ್ಘಾಟನೆ ಸಮಾರಂಭ ಇಡಬೇಡಿ ಎಂದು ಆಡಳಿತ ಮಂಡಳಿಗೆ ನೇರವಾಗಿ ಹೇಳುತ್ತೇವೆ. ಕೆಲಸ ನಡೆಯಲಿ, ಶಾಮಿಯಾನ ಬೇಡ. ಅದರ ಬದಲು ಕಬ್ಬಿನ ಗಾಡಿ ತೂಗುವ ವೇಬ್ರಿಜ್ ಪಕ್ಕ ಒಂದು ಹಲಗೆ ಹಾಕಿಸಿ, 'ಇಂಥ ತಾರೀಖಿನವರೆಗೆ ಬಂದ ಕಬ್ಬಿಗೆ ಹಣ ಜಮಾ ಆಗಿದೆ' ಎಂದು ಪ್ರತಿ ಸೋಮವಾರ ಬರೆಸುವುದು. ಖರ್ಚು ಸುಣ್ಣದ ಕಡ್ಡಿಯಷ್ಟೇ. ತಾರೀಖು ಹಿಂದೆ ಬಿದ್ದಿದ್ದರೂ ಬರೆಯಬೇಕು. ಎರಡು ವಾರ ಹಲಗೆ ಖಾಲಿ ಬಿಟ್ಟರೆ ಆ ಜಾಗವನ್ನು ಗಾಳಿಮಾತು ತುಂಬುತ್ತದೆ.

ಊರಿನ ದೂರುಗಳನ್ನು ಬರೆದುಕೊಳ್ಳಲು ಹಳ್ಳಿಗೆ ಕನಿಷ್ಠ ಮೂರು ಕಡೆ ಹೋಗಬೇಕು: ಪಂಚಾಯಿತಿ ಕಟ್ಟೆ, ನೀರು ಹಿಡಿಯುವ ಜಾಗ, ಮತ್ತು ದಲಿತ ಕೇರಿ. ಕಟ್ಟೆಯಲ್ಲಿ ಸಿಗುವುದು ಕಬ್ಬಿನ ದರ ಮತ್ತು ನೌಕರಿಯ ಮಾತು. ನೀರಿನ ಹತ್ತಿರ ಹೆಂಗಸರು ಹೇಳುವುದು ಬೂದಿ, ವಾಸನೆ, ಮಕ್ಕಳ ಕೆಮ್ಮು. ಕೇರಿಯಲ್ಲಿ ಕೇಳುವುದು ಹಿಂದೆ ಬಂದ ಸೌಲಭ್ಯ ತಮ್ಮವರೆಗೆ ಏಕೆ ತಲುಪಲಿಲ್ಲ ಎಂಬುದು. ಮೂರನ್ನೂ ಒಂದೇ ಸಭೆಯಲ್ಲಿ ಕೇಳುತ್ತೇವೆಂದು ಹೊರಟರೆ ಮೊದಲನೆಯದು ಮಾತ್ರ ಕೈಗೆ ಸಿಗುತ್ತದೆ.

ಹೀಗೆ ಸಿಕ್ಕ ಪಟ್ಟಿಯನ್ನು ಮೂರು ರಾಶಿ ಮಾಡುತ್ತೇವೆ. ಕಾರ್ಖಾನೆಯೇ ಮಾಡಿದ ಉಪದ್ರವ ಒಂದು ರಾಶಿ, ಕಾನೂನಿನಂತೆ ಮಾಡಲೇಬೇಕಾದದ್ದು ಇನ್ನೊಂದು, ಉಳಿದದ್ದು ಸಿಎಸ್‌ಆರ್. ಮೊದಲೆರಡರ ಖರ್ಚನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ. ಚಿಮಣಿಯ ಬೂದಿ ಹಿಡಿಯುವ ಇಎಸ್‌ಪಿ ಯಂತ್ರ, ಡಿಸ್ಟಿಲರಿಯ (ಮದ್ಯಸಾರ ಘಟಕದ) ಸ್ಪೆಂಟ್ ವಾಶ್ ಎಂಬ ಕೊಳಕು ನೀರು ಹೊರಬಿಡದ ವ್ಯವಸ್ಥೆ, ಪರಿಸರ ಅನುಮತಿಯ ಷರತ್ತಿನಲ್ಲಿ ಬರುವ ಹಸಿರು ಪಟ್ಟಿ (ಗಿಡಮರಗಳ ಸಾಲು), ಇವೆಲ್ಲ ಕಾನೂನಿನ ಬಾಧ್ಯತೆ. ತಮಗೇ ಕಬ್ಬು ಹಾಕುವ ರೈತರಿಗೆ ರಿಯಾಯಿತಿ ದರದಲ್ಲಿ ಬೀಜದ ಕಬ್ಬು ಕೊಡುವುದೂ ವ್ಯಾಪಾರದ ಭಾಗ. ಲೆಕ್ಕಪರಿಶೋಧಕರು ತಕರಾರು ತೆಗೆಯುವುದು ಹೆಚ್ಚಾಗಿ ಇಲ್ಲೇ.

ಬೂದಿಯ ಬಗ್ಗೆ ಒಂದು ಮಾತು. ಇಎಸ್‌ಪಿ ಇದ್ದರೂ ಬೂದಿ ಬೀಳುವುದು ಬಾಯ್ಲರ್ ಹೊತ್ತಿಸುವಾಗ, ನಿಲ್ಲಿಸುವಾಗ, ಮತ್ತು ಹಸಿ ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಉರಿಸಿದಾಗ. ಬಗ್ಯಾಸ್‌ನಲ್ಲಿ ತೇವ ಶೇ. 50 ದಾಟಿದರೆ ಉರಿ ಸರಿಯಾಗಿ ಹಿಡಿಯದೆ ಅರೆಬೆಂದ ಕಣ ಹಾರುತ್ತದೆ. ಬಾಯ್ಲರ್ ಹೊತ್ತಿಸುವ ದಿನ ಮತ್ತು ವೇಳೆಯನ್ನು ಗಾಳಿ ಬೀಸುವ ದಿಕ್ಕಿನ ಎರಡು ಮೂರು ಹಳ್ಳಿಗೆ ಹಿಂದಿನ ದಿನವೇ ಡಂಗುರ ಹೊಡೆಸಿ ಅಥವಾ ವಾಟ್ಸ್‌ಆಪ್‌ನಲ್ಲಿ ತಿಳಿಸಿದರೆ, ಮಾಳಿಗೆ ಮೇಲೆ ಒಣಹಾಕಿದ ಮೆಣಸಿನಕಾಯಿ, ಬಟ್ಟೆ ಒಳಗೆ ಹೋಗುತ್ತವೆ. ಅಂಗಳದ ಬಗ್ಯಾಸ್ ರಾಶಿಗೆ ನೀರು ಸಿಂಪಡಿಸಿ, ಗಾಳಿ ಬರುವ ಕಡೆ ಬಲೆ ಕಟ್ಟಿಸುವುದೂ ಇದೇ ಲೆಕ್ಕದಲ್ಲಿ ಬರುತ್ತದೆ. ಊರವರ ಮಟ್ಟಿಗೆ ಚಿಮಣಿಯ ಬೂದಿ, ರಾಶಿಯ ಧೂಳು ಎರಡೂ ಒಂದೇ, 'ಕಾರ್ಖಾನಿ ಹೊಲಸು'.

ಟ್ರ್ಯಾಕ್ಟರ್ ವಿಷಯ ಇನ್ನೂ ಅಗ್ಗ, ಆದರೂ ಎಷ್ಟೋ ಕಡೆ ಆಗುವುದಿಲ್ಲ. ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಫೋಟೋ ತೆಗೆದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಕಬ್ಬು ಹೇರಿದ ಮೇಲೆ ಹಿಂದಕ್ಕೆ ಚಾಚಿದ ಹೊರೆ ಆ ಪಟ್ಟಿಯನ್ನು ಪೂರ್ತಿ ಮುಚ್ಚುತ್ತದೆ. ಅದಕ್ಕೆ ಕೆಂಪು ದಪ್ಪ ಬಟ್ಟೆಯ ಮೇಲೆ ರಿಫ್ಲೆಕ್ಟರ್ ಹೊಲಿದ ಪರದೆ ಮಾಡಿಸಿ, ಖಾಲಿ ಗಾಡಿ ಗೇಟಿನಿಂದ ಹೊರಡುವಾಗ ಕೊಡುತ್ತೇವೆ. ಹೇರಿದ ಮೇಲೆ ಹೊರೆಯ ಹಿಂಭಾಗಕ್ಕೇ ಅದನ್ನು ಕಟ್ಟಬೇಕು. ಜೋಡಿ ಟ್ರೇಲರ್ ಆದರೆ ಎರಡಕ್ಕೂ. ತೂಕಕ್ಕೆ ಬಂದಾಗ ಪರದೆ ಇಲ್ಲದಿದ್ದರೆ ಸರದಿ ಹಿಂದೆ ಹೋಗುತ್ತದೆ. ಚಾಲಕನಿಗೆ ದಂಡಕ್ಕಿಂತ ಸರದಿಯ ಭಯ ದೊಡ್ಡದು. ರಾತ್ರಿ ಡೆಕ್‌ನಲ್ಲಿ ಜೋರಾಗಿ ಹಾಡು ಹಚ್ಚಿಕೊಂಡು ಊರೊಳಗೆ ಹಾಯುವ ಚಟಕ್ಕೂ ಇದೇ ಮದ್ದು. ಈ ಖರ್ಚೆಲ್ಲ ಸಾಗಣೆ ಖಾತೆಗೆ, ಸಿಎಸ್‌ಆರ್‌ಗೆ ಅಲ್ಲ.

ಈಗ ದುಡ್ಡಿನ ಲೆಕ್ಕ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ಸಹಕಾರಿ ಸಕ್ಕರೆ ಕಾರ್ಖಾನೆಗಳು ಕಂಪನಿಗಳಲ್ಲ, ಅವಕ್ಕೆ ಈ ಸೆಕ್ಷನ್ ತಟ್ಟುವುದಿಲ್ಲ. ಪಕ್ಕದ ಸಹಕಾರಿ ಕಾರ್ಖಾನೆ ಏನೂ ಮಾಡುತ್ತಿಲ್ಲ ಎಂದು ದೂರುವವರಿಗೆ ಇದನ್ನು ಹೇಳಬೇಕಾಗುತ್ತದೆ.

ಲಾಭ ಕ್ರಮವಾಗಿ 3, 6, 9 ಕೋಟಿ ಇದ್ದರೆ ಸರಾಸರಿ 6 ಕೋಟಿ, ಸಿಎಸ್‌ಆರ್ ಮೊತ್ತ 12 ಲಕ್ಷ. ಹನ್ನೆರಡು ಹಳ್ಳಿಗೆ ಹಂಚಿದರೆ ತಲಾ ಒಂದು ಲಕ್ಷ. ಒಂದು ಲಕ್ಷದಲ್ಲಿ ಆಗುವುದು ಬೆಂಚು, ಬ್ಯಾಗು, ನಾಮಫಲಕ. ಮುಂದಿನ ವರ್ಷ ಬೆಂಚು ಮುರಿದಿರುತ್ತದೆ, ಫಲಕ ಮಾತ್ರ ಉಳಿದಿರುತ್ತದೆ. ಕಾರ್ಖಾನೆಯ ಹೆಸರು ಕೆಡಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ. ಹಳ್ಳಿಗಳನ್ನು ಸರದಿಗೆ ಹಾಕಿ, ವರ್ಷಕ್ಕೆ ಒಂದೇ ದೊಡ್ಡ ಕೆಲಸ ಹಿಡಿಯುವುದು ವಾಸಿ. ಸರದಿಯ ಪಟ್ಟಿಯನ್ನು ಎಲ್ಲ ಪಂಚಾಯಿತಿಗೂ ಮೊದಲೇ ಕೊಟ್ಟರೆ 'ಅವರಿಗೆ ಮಾತ್ರ' ಎಂಬ ಜಗಳ ಅರ್ಧ ಇಳಿಯುತ್ತದೆ.

12 ಲಕ್ಷದಲ್ಲಿ ಕಚೇರಿ ಖರ್ಚಿಗೆ ಶೇ. 5, ಅಂದರೆ 60,000 ಮೀರುವಂತಿಲ್ಲ. ಸುಮಾರು 8 ಲಕ್ಷ ಕುಡಿಯುವ ನೀರು ಶುದ್ಧೀಕರಿಸುವ ಘಟಕಕ್ಕೆ, 2 ಲಕ್ಷ ಅದರ ನಿರ್ವಹಣೆಗೆ, ಉಳಿದ 1.4 ಲಕ್ಷ ಕಬ್ಬು ಕಟಾವಿಗೆ ಬಂದವರ ಮಕ್ಕಳ ಟೆಂಟ್ ಶಾಲೆಗೆ. ನಿರ್ವಹಣೆಯ ಹಣದಲ್ಲೇ ಇರುವುದು ಜಾಣತನ. ಸಕ್ಕರೆಯ ಲಾಭ ಏರಿಳಿತದ್ದು. ಮೂರನೇ ವರ್ಷಕ್ಕೆ ಸಿಎಸ್‌ಆರ್ ಬಾಧ್ಯತೆಯೇ ಇಲ್ಲದಿರಬಹುದು, ಘಟಕದ ಮೆಂಬ್ರೇನ್ (ನೀರು ಸೋಸುವ ತೆಳು ಪೊರೆ) ಹಾಳಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಆದ್ದರಿಂದ ಶುರುವಿನ ವರ್ಷವೇ ಆಡಳಿತ ಮಂಡಳಿಯ ಠರಾವಿನಲ್ಲಿ ಇದನ್ನು 'ಚಾಲ್ತಿ ಯೋಜನೆ' ಎಂದು ಬರೆಸುತ್ತೇವೆ. ಆಗ ಉಳಿದ ಹಣವನ್ನು ವರ್ಷಾಂತ್ಯದ 30 ದಿನಗಳೊಳಗೆ, ಅಂದರೆ ಏಪ್ರಿಲ್ 30ರೊಳಗೆ, ಖರ್ಚಾಗದ ಸಿಎಸ್‌ಆರ್ ಹಣದ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬಹುದು. ಠರಾವಿನಲ್ಲಿ ಆ ಪದ ಇಲ್ಲದಿದ್ದರೆ ಉಳಿದ ಹಣ ಸೆಪ್ಟೆಂಬರ್ 30ರೊಳಗೆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಹೆಸರಿಸಿದ ಸರ್ಕಾರಿ ನಿಧಿಗಳಿಗೆ ಹೋಗುತ್ತದೆ. ಊರಿಗೆ ಏನೂ ಉಳಿಯುವುದಿಲ್ಲ.

ನೀರಿನ ಘಟಕವನ್ನೇ ಮುಂದಿಡಲು ಕಾರಣವಿದೆ. ಮನೆಯವರು ದಿನಾ ಮುಟ್ಟುವ ವಸ್ತು ಅದು. ನಡೆದರೆ ದಿನಾ ಹೆಸರು, ನಿಂತರೆ ದಿನಾ ಬೈಗುಳ. ಯಂತ್ರ ಕೊಳ್ಳುವ ಮೊದಲು ಬೋರ್‌ವೆಲ್ ನೀರಿನ ಪರೀಕ್ಷೆ ಆಗಬೇಕು: ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ), ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಸಿಲಿಕಾ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5, ನೈಟ್ರೇಟ್ 45, ಅದಕ್ಕೆ ಸಡಿಲಿಕೆ ಇಲ್ಲ. ಕಬ್ಬಿಗೆ ಯೂರಿಯಾ ಸುರಿಯುವ ಸೀಮೆಯಲ್ಲಿ ನೈಟ್ರೇಟ್ ನೋಡದೆ ಬಿಡಬಾರದು. ಸಿಲಿಕಾ, ಗಡಸುತನ ಹೆಚ್ಚಿದ್ದರೆ ಆಂಟಿಸ್ಕೇಲೆಂಟ್ (ಮೆಂಬ್ರೇನ್ ಮೇಲೆ ಪದರ ಕಟ್ಟದಂತೆ ತಡೆಯುವ ರಾಸಾಯನಿಕ) ಹಾಕುವ ಪಂಪು ಕಡ್ಡಾಯ. ಅದನ್ನು ಕೈಬಿಟ್ಟು ದರ ಇಳಿಸುವ ಗುತ್ತಿಗೆದಾರರು ಧಾರಾಳ ಸಿಗುತ್ತಾರೆ.

300 ಮನೆ, ಮನೆಗೆ 20 ಲೀಟರಿನ ಒಂದು ಕ್ಯಾನ್ ಎಂದರೆ ದಿನಕ್ಕೆ 6,000 ಲೀಟರ್. ಗಂಟೆಗೆ 1,000 ಲೀಟರಿನ ಘಟಕ ಆರು ಗಂಟೆ ನಡೆದರೆ ಆಯಿತು. ಅರ್ಧ ನೀರು ತ್ಯಾಜ್ಯವಾಗುವುದರಿಂದ ಬೋರ್‌ವೆಲ್ 12,000 ಲೀಟರ್ ಕೊಡಬೇಕು, ಬೇಸಿಗೆಯಲ್ಲೂ. ವಿದ್ಯುತ್ ಸಂಪರ್ಕವನ್ನು ಪಂಪ್‌ಸೆಟ್ ಫೀಡರಿನಿಂದ ತೆಗೆದುಕೊಳ್ಳಬಾರದು, ಊರ ಮನೆಗಳಿಗೆ ಕರೆಂಟು ಕೊಡುವ ನಿರಂತರ ಜ್ಯೋತಿ ಫೀಡರಿನಿಂದಲೇ ಬೇಕು; ಇಲ್ಲದಿದ್ದರೆ ಕರೆಂಟು ಬರುವುದು ಊರು ಮಲಗಿದ ಮೇಲೆ. ದಿನಕ್ಕೆ 200 ಕ್ಯಾನ್ ಹೋದರೂ 5 ರೂಪಾಯಿಯಂತೆ ತಿಂಗಳಿಗೆ 30,000. ಅದರಲ್ಲಿ ನಡೆಸುವವರ ಸಂಬಳ, ಕರೆಂಟು, 5 ಮೈಕ್ರಾನ್ ಫಿಲ್ಟರ್, ರಾಸಾಯನಿಕ ಎಲ್ಲ ಕಳೆದು, ಮೆಂಬ್ರೇನ್‌ಗೆಂದು ತಿಂಗಳಿಗೆ ನಾಲ್ಕೈದು ಸಾವಿರ ಬೇರೆ ಖಾತೆಗೆ ಹಾಕಿಸುತ್ತೇವೆ. ಮೆಂಬ್ರೇನ್ ಆಯುಷ್ಯ ಎರಡು ಮೂರು ವರ್ಷ. ನೀರನ್ನು ಪುಕ್ಕಟೆ ಕೊಡಿ ಎಂದು ಚುನಾವಣೆ ಹತ್ತಿರವಿರುವ ಯಾರಾದರೂ ಹೇಳಿಯೇ ಹೇಳುತ್ತಾರೆ. ಪುಕ್ಕಟೆ ಮಾಡಿದ ಘಟಕ ಮೊದಲ ಮೆಂಬ್ರೇನ್ ದಾಟುವುದು ಅಪರೂಪ.

ಕೆಡುವ ಜಾಗಗಳು ಗೊತ್ತಿರುವಂಥವೇ. ಮರಳು ಮತ್ತು ಇಂಗಾಲದ ಫಿಲ್ಟರಿಗೆ ದಿನಾ ಹತ್ತು ಹದಿನೈದು ನಿಮಿಷ ಹಿಮ್ಮುಖವಾಗಿ ನೀರು ಹಾಯಿಸುವುದನ್ನು ತಪ್ಪಿಸುತ್ತಾರೆ. ಮಳೆಗಾಲದಲ್ಲಿ ಗಿರಾಕಿ ಕಡಿಮೆಯೆಂದು ವಾರಗಟ್ಟಲೆ ಯಂತ್ರ ನಿಲ್ಲಿಸುತ್ತಾರೆ. ಮೆಂಬ್ರೇನ್ ಒಳಗೆ ಲೋಳೆ ಬೆಳೆಯುತ್ತದೆ. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಬೇಕು, ಆಗದಿದ್ದರೆ ಶೇ. 1ರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಡಬೇಕು. ಶುದ್ಧ ನೀರಿನ ಟಿಡಿಎಸ್ ದಿನಾ ಹಲಗೆಯ ಮೇಲೆ ಬರೆಯಬೇಕು; ಅದು ವಾರದಿಂದ ವಾರಕ್ಕೆ ಏರಿದರೆ ಮೆಂಬ್ರೇನ್ ಸೋಲುತ್ತಿದೆ ಎಂದರ್ಥ. ರುಚಿಗೆಂದು ಬೋರಿನ ನೀರು ಬೆರೆಸುವ ವಾಲ್ವ್ ಇದ್ದರೆ, ಫ್ಲೋರೈಡ್ ಇರುವ ಊರಲ್ಲಿ ಅದನ್ನು ಸೀಲ್ ಮಾಡಬೇಕು. ತ್ಯಾಜ್ಯ ನೀರನ್ನು ಬೋರಿನ ಪಕ್ಕದ ಇಂಗುಗುಂಡಿಗೆ ಬಿಡುವುದು ಅವಿವೇಕ, ತೆಗೆದ ಫ್ಲೋರೈಡ್ ಅದೇ ಬೋರಿಗೆ ಮರಳುತ್ತದೆ. ಶೌಚಾಲಯ ತೊಳೆಯಲು, ರಸ್ತೆಗೆ ಸಿಂಪಡಿಸಲು ಪೈಪು ಹಾಕಿಸಿ.

ಜಾಗದ ಆಯ್ಕೆ ಯಂತ್ರದ ಆಯ್ಕೆಯಷ್ಟೇ ದೊಡ್ಡದು. ಗುಡಿಯ ಪಕ್ಕ, ಗೌಡರ ಮನೆ ಮುಂದೆ ಬೇಡ. ಬಸ್ ನಿಲ್ದಾಣದ ಹತ್ತಿರ, ಎಲ್ಲ ಓಣಿಯವರೂ ಅಳುಕಿಲ್ಲದೆ ಬರುವಲ್ಲಿ ಇರಲಿ. ಸಿಎಸ್‌ಆರ್ ಹಣದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಮೀಟರು ಮತ್ತು ಆಸ್ತಿ ಗ್ರಾಮ ಪಂಚಾಯಿತಿಗೆ, ನಡೆಸುವ ಹೊಣೆ ಸ್ವಸಹಾಯ ಸಂಘದ ಹೆಂಗಸರಿಗೆ, ಮೂರು ವರ್ಷದ ಬಿಡಿಭಾಗದ ಹೊಣೆ ಕಾರ್ಖಾನೆಗೆ ಎಂದು ತ್ರಿಪಕ್ಷೀಯ ಒಪ್ಪಂದ. ಪಂಚಾಯಿತಿಯ ಠರಾವು ಕೈಗೆ ಬರುವ ಮೊದಲು ಅಡಿಪಾಯ ತೋಡಬಾರದು. ಫಲಕದ ಮೇಲೆ ಅಧ್ಯಕ್ಷರ ಭಾವಚಿತ್ರದ ಬದಲು ಕೆಟ್ಟಾಗ ಕರೆಯಬೇಕಾದ ಫೋನ್ ನಂಬರು ಇರಲಿ.

ಕೆರೆ ಹೂಳೆತ್ತುವುದಕ್ಕೆ ಅಚ್ಚುಕಟ್ಟು (ಅದರ ನೀರುಣ್ಣುವ ಜಮೀನು) 40 ಹೆಕ್ಟೇರ್ ಒಳಗಿದ್ದರೆ ಪಂಚಾಯತ್ ವ್ಯವಸ್ಥೆಯ, ಮೇಲಿದ್ದರೆ ಸಣ್ಣ ನೀರಾವರಿ ಇಲಾಖೆಯ ಅನುಮತಿ. ಮೊದಲು ಕೆರೆಗೆ ನೀರು ತರುವ ಕಾಲುವೆ, ಆಮೇಲೆ ಕೆರೆ. ಏರಿಯ ಬುಡ ಬಿಟ್ಟು ತೋಡಬೇಕು, ಜೇಡಿಯ ಪದರ ಒಡೆದು ಗರಸಿಗೆ ಇಳಿದರೆ ನೀರು ನಿಲ್ಲದು. ಅಗೆಯುವ ಯಂತ್ರ ಕಾರ್ಖಾನೆಯದು, ಹೂಳು ಸಾಗಿಸುವ ಟ್ರ್ಯಾಕ್ಟರು ರೈತರದು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಹಿಂದೆ ಯಾವಾಗಲಾದರೂ ಡಿಸ್ಟಿಲರಿ ನೀರು ಹರಿದ ಕೆರೆಯಾದರೆ ಹೂಳಿನ ಪರೀಕ್ಷೆ ಆಗದೆ ಹೊಲಕ್ಕೆ ಹಾಕಿಸಬೇಡಿ. ಇಂಥ ಮಣ್ಣಿನ ಕೆಲಸ ಏಪ್ರಿಲ್‌ನಿಂದ ಜೂನ್ ಮೊದಲ ವಾರದೊಳಗೆ ಮುಗಿಯಬೇಕು, ಹಾಗಾಗಿ ಅನುಮತಿಯ ಓಡಾಟ ಜನವರಿಯಲ್ಲೇ ಶುರು.

ಟೆಂಟ್ ಶಾಲೆಯಿಂದ ಕಾರ್ಖಾನೆಗೆ ಊರಲ್ಲಿ ಹೆಸರೇನೂ ಬರುವುದಿಲ್ಲ. ಕಟಾವು ಗ್ಯಾಂಗಿನವರು ಮಹಾರಾಷ್ಟ್ರದ ಬೀಡ್ ಕಡೆಯಿಂದಲೋ ನಮ್ಮದೇ ತಾಂಡಾಗಳಿಂದಲೋ ಬಂದವರು. ಸ್ಥಳೀಯರಿಗೆ ಅವರು ಕಾಣುವುದೇ ಇಲ್ಲ. ಆದರೂ ಮಾಡುತ್ತೇವೆ. ಮಕ್ಕಳ ಹೆಸರನ್ನು ಹತ್ತಿರದ ಸರ್ಕಾರಿ ಶಾಲೆಗೆ ಜೋಡಿಸಿದರೆ ಬಿಸಿಯೂಟ ಸಿಗುತ್ತದೆ, ಹಂಗಾಮು ಮುಗಿದ ಮೇಲೆ ಹಾಜರಿ ಪತ್ರ ಸ್ವಂತ ಊರಿನ ಶಾಲೆಗೆ ಒಯ್ಯಬಹುದು. ಮರಾಠಿ ಅಥವಾ ಲಂಬಾಣಿ ಬಲ್ಲ ಒಬ್ಬರು ಬೇಕೇ ಬೇಕು.

ಜಾತ್ರೆಗೆ, ಕ್ರಿಕೆಟ್ ಪಂದ್ಯಾವಳಿಗೆ ದೇಣಿಗೆ ಕೇಳಿ ಬರುವವರು ವರ್ಷವಿಡೀ ಇರುತ್ತಾರೆ. ಕೊಡುವುದಾದರೆ ಪ್ರಚಾರದ ಖಾತೆಯಿಂದ ಕೊಡಿ. ಒಂದು ದಿನದ ಕಾರ್ಯಕ್ರಮ, ಪ್ರಾಯೋಜಕತ್ವ, ಜಾಹೀರಾತು ಸಿಎಸ್‌ಆರ್ ಅಲ್ಲ ಎಂದು ಕೇಂದ್ರದ 2014ರ ಜೂನ್ 18ರ ಸುತ್ತೋಲೆಯಲ್ಲೇ ಇದೆ. ಅದರ ಪ್ರತಿ ಮೇಜಿನ ಗಾಜಿನ ಕೆಳಗಿದ್ದರೆ ಮಾತು ಬೇಗ ಮುಗಿಯುತ್ತದೆ. ನೌಕರಿಯ ಬೇಡಿಕೆಗೆ ಮಾತ್ರ ಸಿಎಸ್‌ಆರ್ ಉತ್ತರವೇ ಅಲ್ಲ. ಐಟಿಐ ತರಬೇತಿ ಕೊಡಿಸಿ ಆಮೇಲೆ ಕೆಲಸಕ್ಕೆ ಹೊರಗಿನ ಗುತ್ತಿಗೆದಾರನನ್ನು ಕರೆದರೆ, ತರಬೇತಿ ಪಡೆದ ಹುಡುಗರೇ ಗೇಟಿಗೆ ಬಂದು ಕೂರುತ್ತಾರೆ. ಹಂಗಾಮಿ ಹುದ್ದೆ ಎಷ್ಟು, ಅದರಲ್ಲಿ ಸುತ್ತಲಿನ ಪಂಚಾಯಿತಿಯವರು ಎಷ್ಟು ಎಂಬ ಪಟ್ಟಿಯನ್ನು ಹಂಗಾಮಿನ ಮೊದಲೇ ಅಂಟಿಸುವುದು ಸಿಬ್ಬಂದಿ ವಿಭಾಗದ ಕೆಲಸ.

ಹೆಸರು ಏರಿತೋ ಇಳಿಯಿತೋ ನೋಡಲು 'ನಿಮಗೆ ತೃಪ್ತಿಯೇ' ಎಂಬ ಸಮೀಕ್ಷೆ ನಿಷ್ಪ್ರಯೋಜಕ. ಮನೆಗೆ ಬಂದವರಿಗೆ ಯಾರೂ ಇಲ್ಲ ಎನ್ನುವುದಿಲ್ಲ. ನಾವು ನೋಡುವುದು ಗೇಟಿನ ದೂರು ಪುಸ್ತಕ: ಎಷ್ಟು ದೂರು, ಎಷ್ಟು ದಿನದಲ್ಲಿ ಉತ್ತರ, ಅದೇ ದೂರು ಎಷ್ಟು ಸಲ ಮರಳಿತು. ಮೊದಲ ವರ್ಷ ದೂರು ಹೆಚ್ಚಾದರೆ ಹೆದರಬೇಕಿಲ್ಲ, ಬರೆದರೆ ಉತ್ತರ ಬರುತ್ತದೆ ಎಂದು ಜನ ನಂಬತೊಡಗಿದ್ದಾರೆ ಅಷ್ಟೇ. ಪುಸ್ತಕ ಪೂರ್ತಿ ಖಾಲಿಯಿದ್ದರೆ ದೂರು ನೇರವಾಗಿ ಪರಿಸರ ಮಂಡಳಿಗೆ ಹೋಗುತ್ತಿರಬಹುದು.

ನಿಜವಾದ ಪರೀಕ್ಷೆ ಕಾರ್ಖಾನೆಯ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಬೇಕಾದಾಗ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕನಿಷ್ಠ 30 ದಿನದ ನೋಟಿಸು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ಎಲ್ಲ ಮಾತಿನ ವಿಡಿಯೋ ದಾಖಲೆ. ಅಲ್ಲಿ ಮೊದಲು ಏಳುವ ಪ್ರಶ್ನೆ ಹಿಂದೆ ಕೊಟ್ಟ ಮಾತಿನದು. ಆದ್ದರಿಂದ ಕೊಟ್ಟ ಭರವಸೆ, ಆದದ್ದು, ಆಗದ್ದು, ಆಗದಿದ್ದುದಕ್ಕೆ ಕಾರಣ, ಹೊಸ ತಾರೀಖು ಇಷ್ಟನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಅಚ್ಚು ಹಾಕಿಸಿ, ಸಭೆಗೆ ಎರಡು ವಾರ ಮೊದಲೇ ಎಲ್ಲ ಪಂಚಾಯಿತಿ ಕಚೇರಿ ಮತ್ತು ಹಾಲಿನ ಡೇರಿಗಳ ಗೋಡೆಗೆ ಅಂಟಿಸುತ್ತೇವೆ. ಆಗದ್ದರ ಸಾಲು ದೊಡ್ಡದಿದ್ದರೆ ಅಕ್ಷರ ಚಿಕ್ಕದು ಮಾಡಿಸುವುದಿಲ್ಲ.