ಫರ್ಸಿ ಮೇಲೆ ಓಡಿ ಕಲಿತ ರೌಂಡ್ ಫಿಗರ್

ಯಾದಗಿರಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಸಂಖ್ಯೆಗಳನ್ನು ಸಮೀಪದ ಹತ್ತಕ್ಕೆ, ನೂರಕ್ಕೆ ಅಂದಾಜಿಸುವ ಪಾಠವನ್ನು ಮೊದಲೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಐದು ಅಥವಾ ಜಾಸ್ತಿ ಇದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಕೆಳಕ್ಕೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ನೋಟ್‌ಬುಕ್ ತೆರೆದರೆ ಮಾತ್ರ 232ಕ್ಕೆ 220 ಅಂತ ಉತ್ತರ. 'ಕೆಳಕ್ಕೆ' ಅಂದಿದ್ದಕ್ಕೆ ಹತ್ತರ ಸ್ಥಾನದಿಂದ ಒಂದು ಕಳೆದುಬಿಟ್ಟಿದ್ದರು! ಕೆಲವರು ಸೊನ್ನೆ ಮರೆತು 237ನ್ನು 24 ಮಾಡಿದ್ದರು. ನಾನು ಹೇಳಿಕೊಟ್ಟ ರೀತಿಯೇ ಸರಿ ಇಲ್ಲ ಅನ್ನಿಸಿತು.

ನಮ್ಮ ತರಗತಿಯ ನೆಲಕ್ಕೆ ಶಹಾಬಾದ್ ಫರ್ಸಿ, ಅಂದರೆ ಚಪ್ಪಟೆ ಕಲ್ಲು, ಹಾಸಿದ್ದಾರೆ. ಒಂದು ಸಾಲಿನಲ್ಲಿ ಹನ್ನೊಂದು ಕಲ್ಲು ಎಣಿಸಿ, ಚಾಕ್‌ಪೀಸಿನಿಂದ 230ರಿಂದ 240ರವರೆಗೆ ಬರೆದೆ. ಎರಡು ತುದಿಗೂ ಒಂದೊಂದು ಊರು ಅಂದೆ. 237ರ ಮೇಲೆ ಒಬ್ಬ ಹುಡುಗಿಯನ್ನು ನಿಲ್ಲಿಸಿ, "ಮಳೆ ಬಂತು, ಯಾವ ಊರಿಗೆ ಓಡ್ತೀ?" ಅಂತ ಕೇಳಿದೆ. ಆ ಕಡೆ ಮೂರು ಕಲ್ಲು, ಈ ಕಡೆ ಏಳು. ಅವಳು ಯೋಚಿಸಲೇ ಇಲ್ಲ, 240ಕ್ಕೆ ಓಡಿದಳು. 232ರ ಮೇಲೆ ನಿಂತವನು ಎರಡು ಹೆಜ್ಜೆ ಹಿಂದೆ ಬಂದು 230ರಲ್ಲಿ ನಿಂತ. 220 ಆ ಸಾಲಿನಲ್ಲೇ ಇಲ್ಲ, ಅಲ್ವಾ? ಆ ತಪ್ಪು ಅವತ್ತೇ ನಿಂತಿತು.

235ಕ್ಕೆ ಬಂದ ಹುಡುಗ ಅಲ್ಲೇ ನಿಂತುಬಿಟ್ಟ. "ಟೀಚರ್, ನಾ ನಟ್ಟನಡು ಅದೀನ್ರಿ. ಎತ್ತಾಗ ಓಡ್ಲಿ?"

ಇದು ಒಳ್ಳೆಯ ಪ್ರಶ್ನೆ. ಎರಡೂ ಕಡೆ ಐದೈದು ಕಲ್ಲು. ಇಲ್ಲಿ ಹತ್ತಿರ-ದೂರ ಅನ್ನೋದು ಕೆಲಸಕ್ಕೆ ಬರುವುದಿಲ್ಲ, ಮೇಲಕ್ಕೆ ಹೋಗೋಣ ಅಂತ ಮಾಡಿಕೊಂಡ ಒಪ್ಪಂದ ಅಷ್ಟೇ ಅಂತ ಹೇಳಿದೆ. ಆಮೇಲೆ ಕಲ್ಲುಗಳ ಮೇಲೆ 200, 210, 220 ಹೀಗೆ 300ರವರೆಗೆ ಬರೆದು ಒಪ್ಪಂದದ ಅನುಕೂಲ ತೋರಿಸಿದೆ. 251ರಿಂದ 259ರವರೆಗೆ ಎಲ್ಲವೂ 300ಕ್ಕೇ ಹತ್ತಿರ. 250ನ್ನೂ ಅವುಗಳ ಜೊತೆ ಸೇರಿಸಿದರೆ, ಹತ್ತರ ಸ್ಥಾನದ ಒಂದೇ ಅಂಕಿ ನೋಡಿದರೆ ಸಾಕು. ಬಿಡಿ ಸ್ಥಾನ ನೋಡುವ ಗೋಜೇ ಇಲ್ಲ.

ಎಲ್ಲ ಕಡೆ ಇದೇ ಲೆಕ್ಕ ನಡೆಯುವುದಿಲ್ಲ ಅನ್ನೋದನ್ನೂ ಹೇಳಬೇಕು. ಬೀದರ್ ಕೋಟೆಗೆ 62 ಮಕ್ಕಳು ಹೊರಟರೆ, ಒಂದು ಕ್ರೂಸರಿಗೆ 12 ಮಂದಿಯಂತೆ ಐದು ಗಾಡಿ ತುಂಬಿ ಇಬ್ಬರು ಉಳಿಯುತ್ತಾರೆ. ಇಬ್ಬರೇ ಅಂತ ಬಿಟ್ಟು ಹೋಗಲಾದೀತೇ? ಆರು ಗಾಡಿ ಬೇಕೇ ಬೇಕು.

ಕೊನೆಗೆ 2011ರ ಜನಗಣತಿ ತೆಗೆದುಕೊಂಡೆ. ಕಲಬುರಗಿ ಜಿಲ್ಲೆ 25,66,326, ಬೀದರ್ 17,03,300, ಯಾದಗಿರಿ 11,74,271. ಸಮೀಪದ ಲಕ್ಷಕ್ಕೆ 26, 17, 12. ಕೂಡಿದರೆ 55 ಲಕ್ಷ. ಇನ್ನೊಂದು ಗುಂಪು ಮೊದಲೇ ಕೂಡಿತ್ತು. ಅವರಿಗೆ 54,43,897 ಬಂತು, ಅಂದರೆ 54 ಲಕ್ಷ.

"ಒಂದು ಲಕ್ಷ ಮಂದಿ ಎಲ್ಲಿಂದ ಬಂದ್ರೀ ಟೀಚರ್?"

ಹುಡುಕಲು ಅವರಿಗೇ ಬಿಟ್ಟೆ. ಕಲಬುರಗಿಗೆ 33,674 ಜಾಸ್ತಿ ಸೇರಿಸಿದ್ದೆವು, ಯಾದಗಿರಿಗೆ 25,729. ಬೀದರಿನಿಂದ ಬಿಟ್ಟಿದ್ದು ಬರೀ 3,300. ಎಲ್ಲ ಸೇರಿ 56,103 ಹೆಚ್ಚಾಗಿತ್ತು. ಒಂದು ಲಕ್ಷದಲ್ಲಿ ಉಳಿದ 43,897, ಇನ್ನೊಂದು ಗುಂಪು 54 ಲಕ್ಷ ಅಂತ ಮಾಡುವಾಗ ಬಿಟ್ಟಿದ್ದು. ಈಗ ನಮ್ಮ ತರಗತಿಯಲ್ಲಿ ಮೊದಲು ಕೂಡುತ್ತಾರೆ, ಆಮೇಲೆ ಒಂದೇ ಸಲ ರೌಂಡ್ ಮಾಡುತ್ತಾರೆ.