ಈಜುಕೊಳದ ಲೋಳೆ: ನೀರು ಚೆಲ್ಲದೆ ತೆಗೆಯುವುದು ಹೇಗೆ?

ನಂದಿಬೆಟ್ಟದ ಬುಡದಲ್ಲಿ ತೋಟದ ಮನೆ ಕಟ್ಟಿಸುವವರು ಈಚೆಗೆ ಜೊತೆಗೊಂದು ಈಜುಕೊಳವನ್ನೂ ಕಟ್ಟಿಸುತ್ತಾರೆ. ಮೊದಲ ಬೇಸಿಗೆ ಮಕ್ಕಳ ಕೂಗಾಟದಲ್ಲಿ ಕಳೆಯುತ್ತದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತದೆ, ಗೋಡೆ ಸವರಿದರೆ ಬೆರಳಿಗೆ ಲೋಳೆ ಅಂಟುತ್ತದೆ. ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ, ನೀರನ್ನೆಲ್ಲ ಹೊರಗೆ ಬಿಟ್ಟು ಹೊಸದಾಗಿ ತುಂಬಿಸುವುದು. ನಮ್ಮ ಭಾವ ಎರಡು ಸಲ ಹಾಗೆಯೇ ಮಾಡಿದರು. ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ, ಅಂದರೆ 50,000 ಲೀಟರ್. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಬರುವ ಖಾತ್ರಿಯಿಲ್ಲದ ಚಿಕ್ಕಬಳ್ಳಾಪುರದಲ್ಲಿ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಉರಿದರೂ ಲೋಳೆ ಹೋಗಿದ್ದರೆ ಸುಮ್ಮನಿರುತ್ತಿದ್ದೆ. ಅದು ಮನೆ ಮಾಡಿಕೊಂಡಿರುವುದು ಗೋಡೆಯ ಮೇಲೆ, ಪೈಪಿನೊಳಗೆ, ಫಿಲ್ಟರಿನ ಮರಳಿನಲ್ಲಿ. ಮೂರು ವಾರಕ್ಕೆ ಮತ್ತೆ ಹಾಜರು.

ಮೊದಲು ಪರೀಕ್ಷೆಯ ಕಿಟ್ ಕೊಳ್ಳಿ. ಹಳದಿ ಬಣ್ಣ ತೋರಿಸುವ ಅಗ್ಗದ ಹನಿಗಳು ಬೇಡ. ಕೆಲಸ ಮಾಡುವ ಕ್ಲೋರಿನ್ನನ್ನೂ ಸೋತು ಬಿದ್ದ ಕ್ಲೋರಿನ್ನನ್ನೂ ಅವು ಒಟ್ಟಿಗೆ ಎಣಿಸುತ್ತವೆ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಕಿಟ್ ಇರಲಿ. ಪಿಎಚ್, ಕ್ಷಾರತೆ, ಸಯನ್ಯೂರಿಕ್ ಆಮ್ಲ ಮೂರನ್ನೂ ಅಳೆಯುವಂತಿರಲಿ.

ಎರಡನೆಯದು ಪಿಎಚ್. ಕ್ಲೋರಿನ್ ಹಾಕುವ ಮೊದಲೇ ಇದನ್ನು 7.2ರ ಆಸುಪಾಸಿಗೆ ತನ್ನಿ. ಆ ಮಟ್ಟದಲ್ಲಿ ಕ್ಲೋರಿನ್ನಿನ ಮೂರರಲ್ಲಿ ಎರಡು ಪಾಲು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಉಳಿಯುವುದು ಕಾಲು ಭಾಗ ಮಾತ್ರ. ಹೊರದೇಶದ ಕೈಪಿಡಿಗಳು ಕ್ಷಾರತೆ ಹೆಚ್ಚಿಸಲು ಅಡುಗೆ ಸೋಡಾ ಸುರಿಯಲು ಹೇಳುತ್ತವೆ. ನಮ್ಮ ಗಡಸು ಬೋರ್ ನೀರಿನಲ್ಲಿ ಕ್ಷಾರತೆ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಅಳೆಯದೆ ಸೋಡಾ ಮುಟ್ಟಬೇಡಿ. ಬೇಕಾಗುವುದು ಹೈಡ್ರೋಕ್ಲೋರಿಕ್ ಆಸಿಡ್. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಆಸಿಡ್, ಎಂದಿಗೂ ತಿರುಗುಮುರುಗಾಗಬಾರದು. 50,000 ಲೀಟರಿಗೆ ಒಮ್ಮೆಗೆ ಒಂದು ಲೀಟರ್ ಸಾಕು. ಪಂಪ್ ನಾಲ್ಕು ಗಂಟೆ ಓಡಲಿ, ಮತ್ತೆ ಅಳೆಯಿರಿ, ಬೇಕಿದ್ದರೆ ಇನ್ನೊಂದು ಲೀಟರ್. ಅವಸರದವರು ಮಾಡುವ ಕೆಲಸವಲ್ಲ.

ಇದೇ ಹೊತ್ತಿಗೆ ಸಯನ್ಯೂರಿಕ್ ಆಮ್ಲವನ್ನೂ ನೋಡಿ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಕೊಡೆ ಇದು, 30ರಿಂದ 50 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದು. ಹೆಚ್ಚಾದರೆ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. ಕ್ಲೋರಿನ್ ಬಿಡುವ ಬಿಳಿ ಟಿಸಿಸಿಎ ಮಾತ್ರೆಗಳನ್ನು ತೇಲಿಬಿಟ್ಟು ನಿಶ್ಚಿಂತೆಯಿಂದ ಇರುವವರ ಗಮನಕ್ಕೆ: ಆ ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಬಂದರೆ ಅದರ ಹಿಂದೆಯೇ 6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಬರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಉಳಿಯುತ್ತದೆ. ಭಾವನ ಕೊಳದಲ್ಲಿ 100 ದಾಟಿತ್ತು. ನೀರು ಬಿಡಲು ನಾನು ಒಪ್ಪುವ ಸಂದರ್ಭ ಇದೊಂದೇ. ಅದೂ ಕ್ಲೋರಿನ್ ಹಾಕುವ ಮೊದಲು, ಅರ್ಧದಷ್ಟು ಮಾತ್ರ, ಮೋರಿಗಲ್ಲ, ತೆಂಗಿನ ಬುಡಕ್ಕೆ.

ಇನ್ನು ಜನ ಎಡವುವ ಜಾಗಕ್ಕೆ ಬರೋಣ. ಲೋಳೆ ಎಂಬುದು ಬರಿಯ ಪಾಚಿಯಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ತಾವೇ ಹೆಣೆದುಕೊಂಡ ಅಂಟಿನ ಕಂಬಳಿ ಅದು. ಮೇಲಿನ ಪದರ ಕ್ಲೋರಿನ್ನನ್ನು ನುಂಗಿ ಸಾಯುತ್ತದೆ, ಒಳಗಿನದು ಬದುಕಿಕೊಳ್ಳುತ್ತದೆ. ಆದ್ದರಿಂದ ಬ್ರಷ್ಷಿಲ್ಲದೆ ಕ್ಲೋರಿನ್ ವ್ಯರ್ಥ. ಟೈಲ್ಸ್ ಕೊಳಕ್ಕೆ ಗಡುಸಾದ ನೈಲಾನ್ ಬ್ರಷ್, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಗೋಡೆಯನ್ನಂತೂ ಎಲ್ಲರೂ ಉಜ್ಜುತ್ತಾರೆ. ಏಣಿಯನ್ನು ಬಿಚ್ಚಿ ಅದರ ಕಾಲಿನ ರಬ್ಬರ್ ಬಿರಡೆಯನ್ನು ಕಿತ್ತು ನೋಡುವವರು ಯಾರು? ನಾನು ಕಿತ್ತಾಗ ಒಳಗೆ ಗಂಜಿಯಂಥ ತಿಳಿಗೆಂಪು ಲೋಳೆ ತುಂಬಿತ್ತು. ನೀರೊಳಗಿನ ದೀಪದ ಹಿಂದಿನ ಗೂಡು, ತೇಲುವ ಕಸ ಸೆಳೆಯುವ ಸ್ಕಿಮ್ಮರಿನ ಬಾಗಿಲ ಹಿಂಬದಿ, ವ್ಯಾಕ್ಯೂಮ್ ಪೈಪಿನ ಒಳಭಾಗ ಎಲ್ಲವೂ ಅದೇ ಜಾತಿಯ ಜಾಗಗಳು. ದೀಪಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆರಿಸಿ.

ಬ್ರಷ್ ಮಾಡಿದ ಸಂಜೆಯೇ, ಸೂರ್ಯ ಇಳಿದ ಮೇಲೆ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹಾಕಿ. ಸಯನ್ಯೂರಿಕ್ ಆಮ್ಲ 30 ಇದ್ದರೆ ಕ್ಲೋರಿನ್ 12 ಪಿಪಿಎಂ ತನಕ ಏರಬೇಕು, 50 ಇದ್ದರೆ 20. 50,000 ಲೀಟರಿಗೆ 12 ಪಿಪಿಎಂ ಎಂದರೆ ಹತ್ತು ಶೇಕಡದ ಹೈಪೋ ಆರು ಲೀಟರ್. ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತ ಕ್ಯಾನ್ ಕೊಳ್ಳಬೇಡಿ, ಅದರ ಕಸುವು ಆಗಲೇ ಇಳಿದಿರುತ್ತದೆ. ಅಗ್ಗವೆಂದು ಬ್ಲೀಚಿಂಗ್ ಪೌಡರ್ ತರುವವರೂ ಇದ್ದಾರೆ. ಗಡಸು ನೀರಿಗೆ ಇನ್ನಷ್ಟು ಸುಣ್ಣ ಬೆರೆಸಿ ಮಜ್ಜಿಗೆ ಮಾಡುವ ಆಸೆಯಿದ್ದರೆ ತನ್ನಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಹೈಪೋ ಮತ್ತು ಆಸಿಡ್ ಸೇರಿದರೆ ವಿಷಗಾಳಿ, ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಸೇರಿದರೆ ಬೆಂಕಿ. ಇವುಗಳಿಗೆ ಒಂದೇ ಮಗ್ಗು, ಒಂದೇ ಬಕೆಟ್ಟು, ಒಂದೇ ಕಪಾಟು ಸಲ್ಲದು.

ಮೊದಲ ರಾತ್ರಿ ತೋಟ ನೋಡಿಕೊಳ್ಳುವ ಹುಡುಗ ಓಡಿ ಬಂದ. "ಸಾರ್, ಕ್ಲೋರಿನ್ ಸೊನ್ನೆ ತೋರಿಸುತ್ತಿದೆ, ಇನ್ನೊಂದು ಕ್ಯಾನ್ ಸುರಿಯಲೇ?" ಟಾರ್ಚ್ ಹಿಡಿದು ಮತ್ತೆ ಮಾಡಿಸಿದೆ. ಡಿಪಿಡಿ ಬಿದ್ದ ಕ್ಷಣ ಸೀಸೆಯಲ್ಲಿ ಗುಲಾಬಿ ಮಿಂಚಿತು, ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ತಿಳಿಯಾಯಿತು. ಕ್ಲೋರಿನ್ ಅತಿಯಾದಾಗ ಬಣ್ಣವನ್ನೇ ತೊಳೆದುಹಾಕುತ್ತದೆ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸಬೇಕು. ಈ ಹಂತದಲ್ಲಿ ಪಿಎಚ್ ಅಳೆಯಲು ಹೋಗಬೇಡಿ, ಆ ಬಣ್ಣವೂ ಸುಳ್ಳು ಹೇಳುತ್ತದೆ. ಅದಕ್ಕೇ ಪಿಎಚ್ ಮೊದಲು ಎಂದದ್ದು.

ಕ್ಲೋರಿನ್ ಒಂದು ಸಲ ಸುರಿದು ಮಲಗಿದರೆ ಆಗದು, ಆ ಮಟ್ಟವನ್ನು ಹಿಡಿದು ನಿಲ್ಲಿಸಬೇಕು. ದಿನಕ್ಕೆ ಎರಡು ಮೂರು ಸಲ ಅಳೆದು, ಇಳಿದಷ್ಟನ್ನು ತುಂಬಿ, ದಿನಕ್ಕೊಮ್ಮೆ ಬ್ರಷ್ ಮಾಡಿ. ಮುಗಿಯಿತೆಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಕತ್ತಲಾದ ಮೇಲೆ ಒಮ್ಮೆ, ಸೂರ್ಯ ಹುಟ್ಟುವ ಮುನ್ನ ಒಮ್ಮೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ ಕ್ಲೋರಿನ್ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಅದನ್ನು ತಿನ್ನುವ ಜೀವ ಇನ್ನೂ ಎಲ್ಲೋ ಅಡಗಿದೆ. ನಮಗೆ ಐದು ರಾತ್ರಿ ಹಿಡಿಯಿತು.

ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಹೇಗೂ ಇರುತ್ತದೆ, ಅದನ್ನೇ ಒಂದು ಹಿಡಿ ಎಸೆಯುವ ಅಭ್ಯಾಸವೂ ಇದೆ. ಪಾಚಿ ಸಾಯುತ್ತದೆ ನಿಜ. ಆದರೆ ತಾಮ್ರ ನೀರಿನಲ್ಲೇ ಉಳಿದು ಗೋಡೆಗೆ ಕಲೆ ಕಟ್ಟುತ್ತದೆ, ನೆರೆತ ಕೂದಲಿಗೆ ಹಸಿರು ಹತ್ತಿಸುತ್ತದೆ. ನನ್ನ ಮಾತು ಕೇಳುವುದಾದರೆ ಅದನ್ನು ಬಳ್ಳಿಗೇ ಬಿಡಿ.

ಉಳಿದದ್ದು ಸುಲಭ. ಪಂಪ್ ಹಗಲಿರುಳು ಓಡಲಿ, ಫಿಲ್ಟರಿನ ಒತ್ತಡ ಮಾಮೂಲಿಗಿಂತ 8ರಿಂದ 10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಿರಿ. ಸತ್ತ ಪಾಚಿಯಿಂದ ನೀರು ಮಬ್ಬಾಗಿಯೇ ಉಳಿದರೆ ಆಲಂ ಹಾಕಿ ರಾತ್ರಿ ಪಂಪ್ ನಿಲ್ಲಿಸಿ, ತಳಕ್ಕಿಳಿದದ್ದನ್ನು ಬೆಳಿಗ್ಗೆ ವ್ಯಾಕ್ಯೂಮಿನಿಂದ ನೇರ ಹೊರಗೆ ಬಿಡಿ, ಫಿಲ್ಟರಿಗೆ ಕಳಿಸಬೇಡಿ. ಕ್ಲೋರಿನ್ 3 ಪಿಪಿಎಂಗೆ ಇಳಿಯುವ ತನಕ ಮಕ್ಕಳನ್ನು ನೀರಿಗಿಳಿಸಬೇಡಿ. ಭಾವನ ಮೊಮ್ಮಕ್ಕಳು ಟವೆಲ್ ಹೆಗಲಿಗೇರಿಸಿಕೊಂಡು ಎರಡು ದಿನ ಕಟ್ಟೆಯ ಮೇಲೆ ಕಾದರು.